ಗ್ರಂಥಾಲಯದ ಪುಸ್ತಕ ನೋಡಿ ಹೆಣೆದ ಟೊಪ್ಪಿ ಚಿಕ್ಕದಾಗುತ್ತಿದೆ: 8ನೇ ನಂಬರಿನ ಕಡ್ಡಿಯ ಸಮಸ್ಯೆ

ಪ್ರಶ್ನೆ (ಬದಿಯಡ್ಕ)

ಮಡಿಕೇರಿಯಲ್ಲಿರುವ ಮಗಳ ಮಗುವಿಗೆ ಚಳಿ ಹಿಡಿಯುವ ಮೊದಲೇ ಒಂದು ಉಲ್ಲನ್ ಟೊಪ್ಪಿ ಹೆಣೆದು ಕಳುಹಿಸಬೇಕೆಂದು ಊರಿನ ಸಾರ್ವಜನಿಕ ಗ್ರಂಥಾಲಯದಿಂದ ಇಂಗ್ಲಿಷ್ ಹೆಣಿಗೆ ಪುಸ್ತಕವೊಂದನ್ನು ತಂದಿದ್ದೇನೆ. 8ನೇ ನಂಬರಿನ ಕಡ್ಡಿಯಲ್ಲಿ 72 ಕುಣಿಕೆ ಹಾಕಿ ಸುತ್ತಾಗಿ ಹೆಣೆದರೆ ಸುತ್ತಳತೆ 16 ಇಂಚು ಬರುತ್ತದೆಂದು ಅದರಲ್ಲಿದೆ. ಕಾಸರಗೋಡಿನ ಅಂಗಡಿಯಲ್ಲಿ ಅದೇ ನಂಬರು ಕೇಳಿ ತಂದು, ಒಂದು ಕುಣಿಕೆಯೂ ತಪ್ಪದಂತೆ ಎಣಿಸಿ ಹೆಣೆದರೂ ಎರಡು ಸಲವೂ 13 ಇಂಚೇ ಬಂದಿದೆ. ಪುಸ್ತಕ ಮರಳಿಸುವ ದಿನವೂ ಹತ್ತಿರವಾಗಿದೆ. ತಪ್ಪು ಎಲ್ಲಿರಬಹುದು?

ಉತ್ತರ (ಉಪ್ಪಳ)

ಅಕ್ಕಾ, ತಪ್ಪು ನಿಮ್ಮ ಕೈಯದಲ್ಲ, ನಂಬರಿನದು. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗಳಿಗೆ ಹೆಚ್ಚಾಗಿ ಹಳೆಯ ಬ್ರಿಟಿಷ್ ನಂಬರುಗಳೇ ಇರುತ್ತವೆ. ಅದರಲ್ಲಿ ನಂಬರು ಏರಿದಂತೆ ಕಡ್ಡಿ ಸಪೂರವಾಗುತ್ತದೆ. ಅಮೆರಿಕದ ಪದ್ಧತಿಯಲ್ಲಿ ನಂಬರು ಏರಿದಂತೆ ಕಡ್ಡಿ ದಪ್ಪವಾಗುತ್ತದೆ. ಬ್ರಿಟಿಷ್ 8 ಎಂದರೆ 4 ಮಿಲಿಮೀಟರು, ಅಮೆರಿಕದ 8 ಎಂದರೆ 5 ಮಿಲಿಮೀಟರು. ಪುಸ್ತಕದಲ್ಲಿ ಹೆಣಿಗೆಯ ಅಳತೆಗೆ ‘ಗೇಜ್’ ಎಂದೂ ಕುಣಿಕೆ ಮುಚ್ಚುವುದಕ್ಕೆ ‘ಬೈಂಡ್ ಆಫ್’ ಎಂದೂ ಬರೆದಿದ್ದರೆ ಅದು ಅಮೆರಿಕದ್ದು. ಬ್ರಿಟಿಷ್ ಪುಸ್ತಕಗಳಲ್ಲಿ ‘ಟೆನ್ಷನ್’, ‘ಕಾಸ್ಟ್ ಆಫ್’ ಎಂದಿರುತ್ತದೆ. ಹೆಣೆದ ಟೊಪ್ಪಿಯನ್ನು ಬಿಚ್ಚುವ ಮೊದಲು, ಅಂಚಿನ ಪಟ್ಟಿಯನ್ನು ಬಿಟ್ಟು ಮೇಲಿನ ಸಾದಾ ಭಾಗವನ್ನು ಎಳೆಯದೆ ಹರಡಿ, 4 ಇಂಚಿನಲ್ಲಿ ಎಷ್ಟು ಕುಣಿಕೆಗಳಿವೆಯೆಂದು ಎಣಿಸಿ ತಿಳಿಸಿ.

ಪ್ರಶ್ನೆ ಕೇಳಿದವರು

ಪುಸ್ತಕದಲ್ಲಿ ‘ಗೇಜ್’ ಎಂದೇ ಇದೆ, 4 ಇಂಚಿಗೆ 18 ಕುಣಿಕೆ. ನನ್ನದರಲ್ಲಿ 22 ಇವೆ. ಹಾಗಾದರೆ ದಪ್ಪ ಕಡ್ಡಿ ಕೊಳ್ಳಬೇಕೇ?

ಉತ್ತರ (ಉಪ್ಪಳ)

ಕೊಳ್ಳುವುದಾದರೆ ಅಂಗಡಿಯಲ್ಲಿ 6ನೇ ನಂಬರು ಕೇಳಬೇಕು, ಅದು 5 ಮಿಲಿಮೀಟರು. ಆದರೆ ನಿಮ್ಮ ನೂಲು 4 ಮಿಲಿಮೀಟರಿಗೆ ಒಪ್ಪುವಂಥದ್ದು. ಅದನ್ನು ದಪ್ಪ ಕಡ್ಡಿಯಲ್ಲಿ ಹೆಣೆದರೆ ಹೆಣಿಗೆ ಜಾಳಾಗಿ, ಮಡಿಕೇರಿಯ ಗಾಳಿ ಒಳಗೆ ನುಗ್ಗುತ್ತದೆ. ಮಗುವಿನ ಟೊಪ್ಪಿಗೆ ಅದು ಸಲ್ಲದು. ಆದ್ದರಿಂದ ಇದೇ ಕಡ್ಡಿಯನ್ನು ಉಳಿಸಿಕೊಂಡು ಕುಣಿಕೆಗಳನ್ನು ಹೆಚ್ಚಿಸುವುದೇ ಸರಿಯೆಂದು ನನ್ನ ಅಭಿಪ್ರಾಯ. 4 ಇಂಚಿಗೆ 22 ಆದರೆ 16 ಇಂಚಿಗೆ 88. ಈ ಸಂಖ್ಯೆ 4ರಿಂದ ಭಾಗವಾಗುವುದರಿಂದ ಎರಡು ಸೀದಾ, ಎರಡು ಉಲ್ಟಾ ಅಂಚಿನ ಪಟ್ಟಿಗೂ ತೊಡಕಾಗದು. ನೆತ್ತಿಯನ್ನು ಎಂಟು ಪಾಲು ಮಾಡಿ ಕುಣಿಕೆಗಳನ್ನು ಇಳಿಸುವ (ಕಡಿಮೆ ಮಾಡುತ್ತಾ ಹೋಗುವ) ವಿಧಾನವಾಗಿದ್ದರೆ, ಪಾಲಿಗೆ 9ರ ಬದಲು 11 ಕುಣಿಕೆಗಳಿರುತ್ತವೆ. ಇಳಿಸುವ ಸುತ್ತುಗಳು ಎರಡು ಹೆಚ್ಚಾಗುತ್ತವೆ, ಅಷ್ಟೇ. ಎತ್ತರವನ್ನು ಮಾತ್ರ ಸುತ್ತು ಎಣಿಸಿ ನಂಬಬೇಡಿ, ಟೇಪು ಹಿಡಿದು ನೋಡಿ.

ಇನ್ನೊಂದು ಉತ್ತರ (ಕುಂಬಳೆ)

ಲೆಕ್ಕವನ್ನು ದಯವಿಟ್ಟು ಪುಸ್ತಕದ ಪುಟದಲ್ಲಿ ಬರೆಯಬೇಡಿ. ಹಿಂದಿನ ಓದುಗರೊಬ್ಬರು ಪೆನ್ನಿನಿಂದ ತಿದ್ದಿದ ಸಂಖ್ಯೆಯನ್ನೇ ನಂಬಿ ನಾನೊಮ್ಮೆ ಇಡೀ ಸ್ವೆಟರನ್ನು ಬಿಚ್ಚಿದ್ದೇನೆ. ಚೀಟಿಯಲ್ಲಿ ಬರೆದು ಪುಟದ ನಡುವೆ ಇಟ್ಟುಕೊಂಡರೆ ಸಾಕು. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣವಿರುವ ಗ್ರಂಥಾಲಯದಲ್ಲಿ 746.43ರ ಬಳಿ ಹುಡುಕಿದರೆ ಹೆಣಿಗೆಯ ಬೇರೆ ಪುಸ್ತಕಗಳೂ ಸಿಗುತ್ತವೆ. ಕ್ರೋಶಾ (ಒಂದೇ ಕೊಕ್ಕೆಕಡ್ಡಿಯ ಹೆಣಿಗೆ) ಪುಸ್ತಕಗಳೂ ಅಲ್ಲೇ ಇರುತ್ತವೆ. ಅವುಗಳಲ್ಲಿ ಗೊಂದಲ ಇನ್ನೂ ಹೆಚ್ಚು, ಏಕೆಂದರೆ ಬ್ರಿಟಿಷರ ‘ಡಬಲ್ ಕ್ರೋಶಾ’ವನ್ನು ಅಮೆರಿಕದವರು ‘ಸಿಂಗಲ್ ಕ್ರೋಶಾ’ ಎನ್ನುತ್ತಾರೆ.

ಪ್ರಶ್ನೆ ಕೇಳಿದವರು

ಪುಸ್ತಕದ ಅವಧಿಯನ್ನು ವಿಸ್ತರಿಸಿಕೊಂಡು 88 ಕುಣಿಕೆಗಳಿಂದ ಪುನಃ ಹೆಣೆದೆ. ತೊಳೆದು ಒಣಗಿಸಿದ ಮೇಲೆ ಅಳೆದಾಗ ಸರಿಯಾಗಿ 16 ಇಂಚು ಬಂದಿದೆ. ಇಬ್ಬರಿಗೂ ಕೃತಜ್ಞತೆಗಳು, ಟೊಪ್ಪಿಯನ್ನು ನಾಳೆ ಅಂಚೆಗೆ ಹಾಕುತ್ತೇನೆ.