ಭುಜದ ಸ್ನಾಯುರಜ್ಜು ಹರಿದಾಗ: ಕೀಹೋಲೋ, ತೆರೆದ ಶಸ್ತ್ರಚಿಕಿತ್ಸೆಯೋ?

ಸದಸ್ಯೆ, ತುಮಕೂರು: ನಮಸ್ಕಾರ ಮೇಡಂ. ನಮ್ಮ ತಾಯಿಯವರಿಗೆ 61 ವರ್ಷ. ಬಲಭುಜದ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಜೋಡಿಸುವ ಪಟ್ಟಿ) 2 ಸೆಂ.ಮೀ.ನಷ್ಟು ಹರಿದಿದೆಯೆಂದು ಎಂಆರ್‌ಐ ವರದಿ ಹೇಳುತ್ತದೆ. ಒಬ್ಬ ವೈದ್ಯರು ಕೀಹೋಲ್ (ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆ) ಎನ್ನುತ್ತಾರೆ, ಇನ್ನೊಬ್ಬರು ತೆರೆದು ಹೊಲಿಯೋಣ ಎನ್ನುತ್ತಾರೆ. ಯಾವುದು ಉತ್ತಮ?

ಮೂಳೆ ತಜ್ಞೆ: ಎರಡರಲ್ಲೂ ರಜ್ಜುವನ್ನು ಆಂಕರ್ (ಮೂಳೆಯೊಳಗೆ ಕೂರಿಸುವ, ದಾರವಿರುವ ಪುಟ್ಟ ಮೊಳೆ) ಬಳಸಿ ಮೂಳೆಗೇ ಹೊಲಿಯುತ್ತೇವೆ. ಕೀಹೋಲ್‌ನಲ್ಲಿ ಆರಂಭದ ವಾರಗಳ ನೋವು ತುಸು ಕಡಿಮೆಯಿರಬಹುದು. ಆದರೆ ಬ್ರಿಟನ್ನಿನಲ್ಲಿ ಎರಡನ್ನೂ ಹೋಲಿಸಿ ನಡೆಸಿದ ಅಧ್ಯಯನದಲ್ಲಿ 2 ವರ್ಷಗಳ ನಂತರ ಫಲಿತಾಂಶದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ನಿಮ್ಮ ವೈದ್ಯರ ಕೈ ಯಾವುದರಲ್ಲಿ ಪಳಗಿದೆಯೋ ಅದನ್ನೇ ಮಾಡಿಸಿ.

ಸದಸ್ಯ, ಸಾಗರ: ನಮ್ಮ ತಂದೆ (54) ಮೂರು ವಾರಗಳ ಹಿಂದೆ ಅಡಿಕೆ ತೋಟದಲ್ಲಿ ಜಾರಿ ಬಿದ್ದರು. ಅಂದಿನಿಂದ ಕೈ ಎತ್ತಲಾಗುತ್ತಿಲ್ಲ. ಎಕ್ಸ್‌ರೇ ಸರಿಯಿದೆ, ಆದ್ದರಿಂದ ಕಾಯುತ್ತಿದ್ದೇವೆ.

ಸದಸ್ಯ, ಮೈಸೂರು: ಎಕ್ಕದ ಎಲೆಯನ್ನು ಬಿಸಿಮಾಡಿ ಕಟ್ಟಿ, ಕೈ ಜಗ್ಗಿ ಮಾಲೀಶು ಮಾಡಿಸಿದರೆ ಹರಿದದ್ದು ಕೂಡಿಕೊಳ್ಳುತ್ತದೆ. ಬಂದ ಸಂದೇಶವನ್ನು ಹಾಗೆಯೇ ಹಾಕಿದ್ದೇನೆ.

ಮೂಳೆ ತಜ್ಞೆ: ಸಾಗರದವರೇ, ದಯವಿಟ್ಟು ಕಾಯಬೇಡಿ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆಯೇ ಹೊರತು ರಜ್ಜು ಕಾಣುವುದಿಲ್ಲ. ಬಿದ್ದ ಕೂಡಲೇ ಕೈಯ ಶಕ್ತಿ ಹೋಗಿದ್ದರೆ ರಜ್ಜು ಪೂರ್ತಿ ಹರಿದಿರಬಹುದು, ಇಲ್ಲವೇ ನರಕ್ಕೆ ಪೆಟ್ಟಾಗಿರಬಹುದು. ಈ ವಾರವೇ ಭುಜದ ತಜ್ಞರಿಗೆ ತೋರಿಸಿ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿಸಿ. ತಿಂಗಳುಗಳು ಕಳೆದಂತೆ ಹರಿದ ತುದಿ ಒಳಕ್ಕೆ ಸರಿಯುತ್ತದೆ, ಸ್ನಾಯು ಸೊರಗಿ ಅದರೊಳಗೆ ಕೊಬ್ಬು ತುಂಬುತ್ತದೆ, ಮತ್ತು ಹಾಗೆ ತುಂಬಿದ ಕೊಬ್ಬು ಹೊಲಿಗೆ ಹಾಕಿದ ಮೇಲೂ ಸಾಮಾನ್ಯವಾಗಿ ಕರಗುವುದಿಲ್ಲ. ಆ ಹಂತ ತಲುಪಿದರೆ ಕೀಹೋಲ್ ಬೇಕೋ ತೆರೆದದ್ದು ಬೇಕೋ ಎಂಬ ಆಯ್ಕೆಗೇ ಅರ್ಥವಿರುವುದಿಲ್ಲ. ಅವರಿಗೆ ಸಕ್ಕರೆ ಕಾಯಿಲೆಯಿದೆಯೇ, ಬೀಡಿ ಸೇದುತ್ತಾರೆಯೇ? ಎರಡೂ ರಜ್ಜು ಕೂಡಿಕೊಳ್ಳುವುದಕ್ಕೆ ಅಡ್ಡಿ.

ಮೈಸೂರಿನವರೇ, ಮೂಳೆಯಿಂದ ಕಿತ್ತುಬಂದ ರಜ್ಜುವನ್ನು ಎಲೆ ಅಂಟಿಸುವುದಿಲ್ಲ. ಜಗ್ಗಿದರೆ ಹರಿದ ಜಾಗ ಇನ್ನೂ ದೊಡ್ಡದಾದೀತು. ಓದದೆ ಹಂಚಬೇಡಿ.

ಸದಸ್ಯ, ಹುಬ್ಬಳ್ಳಿ: ಕೀಹೋಲೇ ಉತ್ತಮವಲ್ಲವೇ?

ಮೂಳೆ ತಜ್ಞೆ: ಮೇಲೆ ಬರೆದಿದ್ದೇನೆ.

ಸದಸ್ಯೆ, ಬೆಂಗಳೂರು: ಆಂಕರ್‌ಗಳನ್ನು ಒಂದು ಸಾಲಿನ ಬದಲು ಎರಡು ಸಾಲಿನಲ್ಲಿ ಕೂರಿಸಿ ಹೊಲಿಯುವುದು ಹೆಚ್ಚು ಆಂಕರ್ ಮಾರುವ ಉಪಾಯವಷ್ಟೆ.

ಸದಸ್ಯ, ಮಂಗಳೂರು: ನನಗೆ ಅದರಿಂದಲೇ ಗುಣವಾಗಿದೆ. ತಿಳಿಯದೆ ಮಾತನಾಡಬೇಡಿ.

ಸದಸ್ಯೆ, ಬೆಂಗಳೂರು: ಒಂದು ಸಾಲಿನಿಂದ ಗುಣವಾಗುತ್ತಿರಲಿಲ್ಲ ಎಂದು ನಿಮಗೆ ತಿಳಿದದ್ದು ಹೇಗೆ?

ಮೂಳೆ ತಜ್ಞೆ: ಹರಿದ ಜಾಗ ಸಣ್ಣದಿದ್ದರೆ ಒಂದೇ ಸಾಲು ಸಾಕಾಗುತ್ತದೆ, 3 ಸೆಂ.ಮೀ. ಮೀರಿದರೆ ಎರಡು ಸಾಲಿಗೆ ಕಾರಣವಿದೆ. ಉಳಿದ ಜಗಳವನ್ನು ಬೇರೆಡೆ ಆಡಿ.

ಸದಸ್ಯ, ಕಲಬುರಗಿ: ಶಸ್ತ್ರಚಿಕಿತ್ಸೆಯ ನಂತರ ಸ್ಕೂಟರ್ ಯಾವಾಗ ಓಡಿಸಬಹುದು?

ಸದಸ್ಯ, ಮೈಸೂರು: ನಮ್ಮ ಹಿರಿಯರೇನು ಮೂರ್ಖರೇ ಮೇಡಂ?

ಮೂಳೆ ತಜ್ಞೆ: ಸಾಗರದವರೇ, ಸಕ್ಕರೆ ಕಾಯಿಲೆಯ ಬಗ್ಗೆ ಕೇಳಿದ್ದೆ. ಉತ್ತರಿಸಿ.