ಪದಚರ್ಚೆ: ಕಾರ್ಮಿಕರೇ ಉದ್ಯಮ ನಡೆಸುವುದಕ್ಕೆ ಏನನ್ನೋಣ?

ಗೆಳೆಯರೇ,
ಸ್ಪೇನಿನ ಅಂತರ್ಯುದ್ಧ ಶುರುವಾದ 1936ರ ಬಾರ್ಸಿಲೋನಾ ಕುರಿತ ಚಿತ್ರಪ್ರದರ್ಶನದ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಒಂದು ಚಿತ್ರದಲ್ಲಿ ಕೆಂಪು-ಕಪ್ಪು ಬಳಿದ ಟ್ರಾಮ್ ಇದೆ, ಅದರ ಮೈಮೇಲೆ ಸಿಎನ್‌ಟಿ ಎಂಬ ದೊಡ್ಡ ಅಕ್ಷರಗಳು, ಅಂದರೆ ಅಲ್ಲಿನ ಅರಾಜಕತಾವಾದಿ ಕಾರ್ಮಿಕ ಸಂಘಟನೆ. ಅಡಿಬರಹದಲ್ಲಿ ‘ಔತೊಹೆಸ್ತಿಯೋನ್’ ಎಂಬ ಸ್ಪ್ಯಾನಿಷ್ ಪದ, ಕಾರ್ಮಿಕರೇ ಉದ್ಯಮ ನಡೆಸುವುದು ಎಂದರ್ಥ. ‘ಸ್ವಾಡಳಿತ’ ಎಂದು ಬರೆದಿದ್ದೇನೆ, ನಡೆಯುತ್ತದೆಯೇ? ‘ಲಿಬರ್ಟೇರಿಯನ್ ಸೋಷಿಯಲಿಸಂ’, ಅಂದರೆ ಮೇಲಿನಿಂದ ಆಳುವ ಸರ್ಕಾರ ಬೇಡವೆನ್ನುವ ಸಮಾಜವಾದ, ಅದಕ್ಕೂ ಒಂದು ಪದ ಬೇಕು.

---

ಸ್ವಾಡಳಿತ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದದ್ದು. ಬಿಟ್ಟುಬಿಡಿ. ‘ಆಳಾಳ್ವಿಕೆ’ ಎನ್ನಿ. ದುಡಿಯುವವನೂ ಆಳು, ಅರಸನ ಕೆಲಸವೂ ಆಳುವುದು. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಎಂಬ ಗಾದೆಯಲ್ಲೇ ನಿಮ್ಮ ಫಲಕದ ಅರ್ಥ ಪೂರ್ತಿ ಇದೆ. ಸಂಸ್ಕೃತದ ಬಾಗಿಲು ತಟ್ಟುವ ಚಟ ನಮಗೆ ಯಾವಾಗ ಹೋಗುತ್ತದೋ.

---

ಹೊಸ ಪದ ಯಾಕೆ? ‘ಸಹಕಾರ’ ಇದೆಯಲ್ಲ. 1957ರಲ್ಲಿ ಬೆಂಗಳೂರಿನಲ್ಲಿ ಕಾಫಿ ಹೌಸ್ ಕೆಲಸಗಾರರು ಕಟ್ಟಿದ್ದು ಸಹಕಾರ ಸಂಘವೇ. ಅಲ್ಲೂ ಧಣಿ ಇಲ್ಲ.

---

ಎರಡನ್ನೂ ಒಪ್ಪಲಾರೆ.

ಕಾಫಿ ಹೌಸ್‌ನವರ ಮೇಲೆ ನನಗೆ ತುಂಬ ಗೌರವವಿದೆ. ಆದರೆ ಅವರು ಕಾಫಿ ಬೋರ್ಡ್ ಕೈಬಿಟ್ಟ ಅಂಗಡಿಗಳನ್ನು ಕಾನೂನಿನ ಪ್ರಕಾರ ಸಂಘ ಮಾಡಿಕೊಂಡು ನಡೆಸಿದರು. ಬಾರ್ಸಿಲೋನಾದ ಕಥೆ ಬೇರೆ. ಜುಲೈ 19ರಂದು ಸೇನೆ ದಂಗೆಯೆದ್ದಿತು, ಕಾರ್ಮಿಕರು ಬೀದಿಯಲ್ಲಿ ನಿಂತು ಅದನ್ನು ಸೋಲಿಸಿದರು. ಟ್ರಾಮ್ ಕಂಪನಿಯ ದೊಡ್ಡವರು ಓಡಿಹೋಗಿದ್ದರು. ಯೂನಿಯನ್‌ನವರೇ ಕಚೇರಿ ಹಿಡಿದರು, ಹಳಿ ಸರಿಮಾಡಿದರು, ಕಡಿದುಬಿದ್ದ ತಂತಿ ಕಟ್ಟಿದರು. ಕಾಳಗ ನಿಂತ ಐದೇ ದಿನಕ್ಕೆ ಟ್ರಾಮ್ ಓಡಿತು. ಕಾನೂನು ಬಂದದ್ದು ಆಮೇಲೆ, ಅಕ್ಟೋಬರ್ 24ಕ್ಕೆ: ನೂರಕ್ಕಿಂತ ಜಾಸ್ತಿ ಜನ ದುಡಿಯುವ ಉದ್ಯಮವೆಲ್ಲ ಸಾಮೂಹಿಕ, ನಡೆಸುವುದು ಕೆಲಸಗಾರರು ಆರಿಸಿದ ಮಂಡಳಿ. ಜನ ಆಗಲೇ ಮಾಡಿ ಮುಗಿಸಿದ್ದಕ್ಕೆ ಸರ್ಕಾರ ಮುದ್ರೆ ಒತ್ತಿತು, ಜೊತೆಗೆ ಮಂಡಳಿಯಲ್ಲಿ ತನ್ನದೊಬ್ಬ ಅಧಿಕಾರಿಯನ್ನೂ ಕೂರಿಸಿತು. ಇದನ್ನು ‘ಸಹಕಾರ’ ಎಂದರೆ ಕಿತ್ತುಕೊಂಡ ಸಂಗತಿಯೇ ಮರೆಯಾಗುತ್ತದೆ.

‘ಆಳಾಳ್ವಿಕೆ’ ಕೇಳಲು ಚೆಂದ. ಆದರೆ ಮನೆಯಾಳು, ಜೀತದಾಳು ಎನ್ನುವಾಗ ಆಳಿನ ಹಿಂದೆ ಒಬ್ಬ ಒಡೆಯ ನಿಂತೇ ಇರುತ್ತಾನೆ. ಒಡೆಯನೇ ಬೇಡ ಎಂದವರನ್ನು ಆಳು ಎಂದು ಕರೆಯುವುದು ಅವಮಾನ. ಇನ್ನು ಅರಿಸಮಾಸ: ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಬಿರುದಾವಳಿಗೆ ರಿಯಾಯಿತಿ ಕೊಟ್ಟಿದ್ದಾನೆ. ‘ದಿನಗೂಲಿ’ ಎನ್ನುವಾಗ ಯಾರಿಗೂ ಅದು ನೆನಪಾಗುವುದಿಲ್ಲ, ಅಲ್ವಾ?

ಒಂದು ಮುಖ್ಯ ವಿಷಯ. ಆ ಸ್ಪ್ಯಾನಿಷ್ ಪದ 1936ರ ಬೀದಿಯದಲ್ಲ. ಯುಗೊಸ್ಲಾವಿಯಾ 1950ರಲ್ಲಿ ಕಾರ್ಖಾನೆಗಳನ್ನು ಕಾರ್ಮಿಕರ ಮಂಡಳಿಗಳಿಗೆ ಕೊಡುವ ಕಾನೂನು ಮಾಡಿತು. ಅವರ ಪದ ಫ್ರೆಂಚಿಗೆ ಹೋಗಿ ಆಮೇಲೆ ಎಲ್ಲೆಡೆ ಹಬ್ಬಿತು. ಬಾರ್ಸಿಲೋನಾದ ಅಂಗಡಿಗಳ ಮೇಲೆ ಬರೆದದ್ದು ‘ಸಾಮೂಹಿಕವಾಗಿದೆ’, ‘ವಶಪಡಿಸಿಕೊಂಡಿದೆ’ ಎಂದು. ಹಾಗಾಗಿ ಟ್ರಾಮಿನ ಅಡಿಬರಹಕ್ಕೆ ‘ಕಾರ್ಮಿಕರು ವಶಕ್ಕೆ ತೆಗೆದುಕೊಂಡು ತಾವೇ ನಡೆಸಿದ ಟ್ರಾಮ್’ ಎಂದು ಬಿಡಿಸಿ ಬರೆಯಿರಿ. ಫಲಕದ ತಲೆಬರಹಕ್ಕೆ ‘ಕಾರ್ಮಿಕ ಸ್ವಾಡಳಿತ’ ಇರಲಿ.

ಎರಡನೆಯದಕ್ಕೆ ‘ಸ್ವಾತಂತ್ರ್ಯವಾದಿ ಸಮಾಜವಾದ’. ‘ಉದಾರವಾದಿ’ ಖಂಡಿತ ಬೇಡ, ಅದು ಮಾರುಕಟ್ಟೆಯವರ ಕಡೆಗೆ ಎಳೆಯುತ್ತದೆ. ಈ ಅರ್ಥದಲ್ಲಿ ‘ಲಿಬರ್ಟೇರ್’ ಎಂಬ ಪದವನ್ನು 1857ರಲ್ಲೇ ಬಳಸಿದವನು ಜೋಸೆಫ್ ದೆಜಾಕ್, ಅರಾಜಕತಾವಾದಿ. ಸಿಎನ್‌ಟಿಯವರು 1936ರ ಮೇನಲ್ಲಿ ಸ್ಪೇನಿನ ಜರಗೋಸಾ ಊರಿನ ಸಮ್ಮೇಳನದಲ್ಲಿ ಬರೆದುಕೊಂಡದ್ದು ‘ಸ್ವಾತಂತ್ರ್ಯವಾದಿ ಕಮ್ಯುನಿಸಂ’ ಎಂದು. ಆ ಮಾತು ಫಲಕದಲ್ಲಿ ಬಂದರೆ ಪಕ್ಕದಲ್ಲಿ ಒಂದು ಸಾಲು ವಿವರಣೆ ಹಾಕಿ. ಕಮ್ಯುನಿಸ್ಟ್ ಪಕ್ಷದವರೂ ಇವರೂ ಮರುವರ್ಷ ಅದೇ ಊರಿನ ಬೀದಿಗಳಲ್ಲಿ ಗುಂಡು ಹಾರಿಸಿಕೊಂಡರು.

---

ಸ್ವಾತಂತ್ರ್ಯವಾದಿ! ಆ ಒತ್ತುಗಳನ್ನು ದಾಟಿ ಯಾವ ಟ್ರಾಮ್ ಕಂಡಕ್ಟರ್ ಓದುತ್ತಾನೆ? ‘ಬಿಡುಗಡೆಯ ಸಮಾಜವಾದ’ ಎನ್ನಿ. ಟ್ರಾಮ್ ನಮ್ಮಲ್ಲಿರಲಿಲ್ಲ, ಪದ ಸಾಲ ತಂದೆವು, ಸರಿ. ದುಡಿಮೆಯೂ ಬಿಡುಗಡೆಯೂ ನಮ್ಮಲ್ಲಿಲ್ಲವೇ?

---

ಬಿಡುಗಡೆ ಜೈಲಿನಿಂದಲೂ ಆಗುತ್ತದೆ, ಸಿನಿಮಾಕ್ಕೂ ಆಗುತ್ತದೆ. ಮತ್ತೆ ‘ಸಮಾಜವಾದ’ ಯಾವ ಊರಿನದು? ಅದನ್ನು ಉಳಿಸಿಕೊಂಡು ಪಕ್ಕದ ಪದಕ್ಕೆ ಮಾತ್ರ ಮಡಿ ಉಡಿಸಬೇಡಿ.