ಬಯೋಫಿಲ್ಟರ್ ಇದ್ದರೂ ಮತ್ತೆ ಥಿನ್ನರ್ ವಾಸನೆ ಯಾಕೆ?

ಪ್ರಶ್ನೆ: ಸರ್, ನಮ್ಮದು ಲೋಹದ ಭಾಗಗಳಿಗೆ ಪೇಂಟ್ ಹೊಡೆಯುವ ಘಟಕ. ಹೊರಹೋಗುವ ಗಾಳಿಯಲ್ಲಿ ಥಿನ್ನರ್‌ನ ಟಾಲ್ಯುಯೀನ್, ಝೈಲೀನ್ ಆವಿ ಇರುತ್ತವೆ. ಈ ಆವಿಯನ್ನು ಸೂಕ್ಷ್ಮಜೀವಿಗಳಿಂದ ತಿನ್ನಿಸಿ ಗಾಳಿ ಶುದ್ಧ ಮಾಡುವ, ಕಾಂಪೋಸ್ಟ್ ಮತ್ತು ಮರದ ಚಕ್ಕೆಯ ಬೆಡ್ ತುಂಬಿದ ಬಯೋಫಿಲ್ಟರ್ ಹಾಕಿಸಿ ಆರು ತಿಂಗಳಾಯಿತು. ಗಾಳಿ ಬುಡದಿಂದ ಮೇಲಕ್ಕೆ ಹೋಗುತ್ತದೆ. ಮೊದಲು ಚೆನ್ನಾಗಿತ್ತು, ಈಗ ಒಂದು ತಿಂಗಳಿಂದ ಥಿನ್ನರ್ ವಾಸನೆ ಹೊರಗೆ ಬರುತ್ತಿದೆ. ದಿನಾ ಮೇಲಿಂದ ನೀರು ಚಿಮುಕಿಸುತ್ತೇವೆ, ಬೆಡ್ ಒದ್ದೆಯಾಗೇ ಇದೆ. ಬ್ಯಾಕ್ಟೀರಿಯಾ ಸತ್ತಿವೆಯಾ? ಹೊಸ ಕಲ್ಚರ್ (ಬೆಳೆಸಿದ ಬ್ಯಾಕ್ಟೀರಿಯಾ) ಹಾಕಬೇಕಾ?

ಉತ್ತರ: ಕಲ್ಚರ್ ಈಗಲೇ ತರಬೇಡಿ. ಮೊದಲು ಬೆಡ್ ಅಗೆದು ನೋಡಿ. ಮೇಲಿನ ಒಂದು ಗೇಣು ಒದ್ದೆ ಇದ್ದ ಮಾತ್ರಕ್ಕೆ ಬುಡವೂ ಒದ್ದೆ ಇದೆ ಅಂತಲ್ಲ. ಬುಡದಿಂದ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ. ಉಂಡೆ ಕಟ್ಟಿ, ಬೆರಳ ಸಂದಿಯಲ್ಲಿ ಒಂದೆರಡು ಹನಿ ಜಿನುಗಿದರೆ ಸರಿ. ಪುಡಿಯಾಗಿ ಉದುರಿದರೆ ಒಣಗಿದೆ. ನಾನು ಅಗೆಸಿ ನೋಡಿದ ಒಂದು ಬೆಡ್ ಮೇಲೆ ಕೈ ಇಟ್ಟರೆ ತಣ್ಣಗಿತ್ತು. ಮೊಳದಷ್ಟು ಆಳಕ್ಕೆ ಹೋದರೆ ತೌಡಿನ ಹಾಗೆ ಉದುರುತ್ತಿತ್ತು.

ಹೀಗಾಗೋದಕ್ಕೆ ಕಾರಣ ಎರಡು. ಒಣ ಗಾಳಿ ಒಳಗೆ ಬಂದ ಜಾಗದಲ್ಲೇ ತೇವ ಹೀರಿಕೊಳ್ಳುತ್ತದೆ. ಜೊತೆಗೆ, ಸೂಕ್ಷ್ಮಜೀವಿಗಳು ಟಾಲ್ಯುಯೀನ್ ತಿನ್ನುವಾಗ ಶಾಖ ಹುಟ್ಟುತ್ತದೆ, ಅದು ಬೆಡ್ಡನ್ನು ಒಳಗಿಂದಲೇ ಒಣಗಿಸುತ್ತದೆ. ಒಮ್ಮೆ ಪೂರ್ತಿ ಒಣಗಿದ ಕಾಂಪೋಸ್ಟ್ ನೀರನ್ನು ಸುಲಭಕ್ಕೆ ಹೀರುವುದಿಲ್ಲ. ನೀವು ಹಾಕಿದ ನೀರು ಬದಿಯಿಂದ ಜಾರಿ ಹೋಗುತ್ತದೆ. ಗಾಳಿಯೂ ಬಿರುಕು ಹುಡುಕಿಕೊಂಡು ಸುಮ್ನೆ ಹಾದುಹೋಗುತ್ತದೆ.

ಹಾಗಾಗಿ ನೀರು ಕೊಡಬೇಕಾದದ್ದು ಮುಖ್ಯವಾಗಿ ಗಾಳಿಗೆ. ಬೆಡ್‌ಗೆ ಬರುವ ಮೊದಲೇ ಅದರ ತೇವಾಂಶ ಶೇ. 95 ದಾಟುವ ಹಾಗೆ ನೀರಿನ ಸ್ಪ್ರೇ ಮೂಲಕ ಹಾಯಿಸಿ. ಬೆಡ್‌ನಲ್ಲಿ ತೂಕದ ಲೆಕ್ಕದಲ್ಲಿ ಶೇ. 40ರಿಂದ 60 ನೀರಿರಲಿ. ಒಣಗಿದ ಭಾಗ ಸಡಿಲ ಮಾಡಿ ನಿಧಾನಕ್ಕೆ ನೆನೆಸಿ. ಕೆಲವು ವಾರಗಳಲ್ಲಿ ಜೀವಿಗಳು ಚೇತರಿಸಿಕೊಳ್ಳುವುದನ್ನು ನೀವೇ ಕಾಣುತ್ತೀರಿ. ಇನ್ನೊಂದು ಮಾತು, ಪೇಂಟಿನ ತುಂತುರು ಬೆಡ್‌ಗೆ ಹೋಗಲೇಬಾರದು. ಅದಕ್ಕೆ ಮುಂದೆಯೇ ಬೇರೆ ಫಿಲ್ಟರ್ ಬೇಕು.

ಪ್ರಶ್ನೆ (ಅದೇ ಸದಸ್ಯರು): ಅಗೆದೆವು ಸರ್, ನೀವು ಹೇಳಿದ ಹಾಗೇ ಬುಡ ಒಣಗಿದೆ. ಬೆಡ್ ಅಳತೆಯೂ ಕಮ್ಮಿಯಾಯಿತಾ ಅಂತ ಅನುಮಾನ. ಗಾಳಿ ಗಂಟೆಗೆ 3,600 ಘನ ಮೀಟರ್, ಬೆಡ್ 30 ಘನ ಮೀಟರ್.

ಉತ್ತರ: ನಿಮ್ಮ ಗಾಳಿ ಸೆಕೆಂಡಿಗೆ 1 ಘನ ಮೀಟರ್ ಆಯಿತು. ಖಾಲಿ ಬೆಡ್ ಅಂತ ಲೆಕ್ಕ ಹಾಕಿದರೆ ಗಾಳಿ ಒಳಗೆ 30 ಸೆಕೆಂಡ್ ಇರುತ್ತದೆ. ಇಂಥ ಆವಿಗಳಿಗೆ ಸಾಮಾನ್ಯವಾಗಿ 30ರಿಂದ 60 ಸೆಕೆಂಡ್ ಇಟ್ಟುಕೊಳ್ಳುತ್ತಾರೆ. ಅಂದರೆ ನೀವು ಅಂಚಿನಲ್ಲಿದ್ದೀರಿ. ಅರ್ಧ ಬೆಡ್ ಒಣಗಿದರೆ ಉಳಿಯುವುದು 15 ಸೆಕೆಂಡ್ ಮಾತ್ರ, ವಾಸನೆ ಬಾರದೆ ಇರುತ್ತಾ?

ಇನ್ನೊಬ್ಬ ಸದಸ್ಯರು: ರಜೆಯಲ್ಲಿ ಎರಡು ದಿನ ಕೆಲಸ ನಿಂತರೆ ಜೀವಿಗಳು ಸಾಯುತ್ತವೆಯಾ?

ಉತ್ತರ: ಇಲ್ಲ, ಎರಡು ದಿನದ ಉಪವಾಸ ತಡೆದುಕೊಳ್ಳುತ್ತವೆ. ಆದರೆ ಬ್ಲೋವರ್ ಪೂರ್ತಿ ನಿಲ್ಲಿಸಬೇಡಿ, ಅವಕ್ಕೂ ಉಸಿರಾಡಲು ಆಮ್ಲಜನಕ ಬೇಕು. ತೇವದ ಗಾಳಿ ಸ್ವಲ್ಪ ಸ್ವಲ್ಪ ಹೋಗುತ್ತಿರಲಿ. ಕೆಲಸ ಶುರುವಾದಾಗ ಒಮ್ಮೆಲೇ ಆವಿ ನುಗ್ಗುವುದೇ ದೊಡ್ಡ ಕಷ್ಟ. ಬೆಡ್‌ನ ಮುಂದೆ ಸಣ್ಣ ಆಕ್ಟಿವೇಟೆಡ್ ಕಾರ್ಬನ್ ಪದರ ಇಟ್ಟರೆ ಹೆಚ್ಚಾದದ್ದನ್ನು ಹಿಡಿದು, ಆಮೇಲೆ ನಿಧಾನಕ್ಕೆ ಬಿಡುತ್ತದೆ.

ಮತ್ತೊಬ್ಬ ಸದಸ್ಯರು: ಮೇಡಂ ಒಬ್ಬರು ಹೆಕ್ಸೇನ್ ಎಂಬ ದ್ರಾವಕದ ಆವಿಗೆ ಬಯೋಫಿಲ್ಟರ್ ನಡೆಯುವುದಿಲ್ಲ ಅಂದರು. ನಿಜವಾ ಸರ್?

ಉತ್ತರ: ಕಷ್ಟ ಅನ್ನುವುದು ನಿಜ. ಜೀವಿಗಳು ಇರುವುದು ತೆಳ್ಳನೆಯ ನೀರಿನ ಪೊರೆಯಲ್ಲಿ. ಆವಿ ಆ ನೀರಲ್ಲಿ ಕರಗಿದರೆ ತಾನೆ ಅವುಗಳ ಬಾಯಿಗೆ ಸಿಗೋದು? ಎಥನಾಲ್, ಅಸಿಟೋನ್ ಸುಲಭವಾಗಿ ಕರಗುತ್ತವೆ. ಹೆಕ್ಸೇನ್ ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೆ ಬೂಸ್ಟು ಬೆಳೆಸಿದ ಬೆಡ್ ಹೆಚ್ಚು ಒಗ್ಗುತ್ತದೆ, ಯಾಕಂದ್ರೆ ಬೂಸ್ಟಿನ ಎಳೆಗಳು ಗಾಳಿಯೊಳಕ್ಕೇ ಚಾಚಿಕೊಂಡು ಆವಿಯನ್ನು ನೇರವಾಗಿ ಹೀರುತ್ತವೆ. ಸಮಯ ಮಾತ್ರ ಜಾಸ್ತಿ ಕೊಡಬೇಕು.